ಎರಡು ಅರೆಬರೆ ಪಟ್ಟಿಯಿಂದ ಸುರಂಗ ಎಣಿಸಿದ್ದು

ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ತೋಡಿದ ಸುರಂಗಗಳು ನಮ್ಮ ಪಂಚಾಯತಿನಲ್ಲಿ ಎಷ್ಟಿವೆ? ನನ್ನ ಹತ್ತಿರ ಈಗ ಉತ್ತರ ಇದೆ: ಸುಮಾರು 245. 205ಕ್ಕಿಂತ ಕಮ್ಮಿ ಇರಲಾರದು, 280 ದಾಟುವುದು ಕಷ್ಟ. ಅದರಲ್ಲಿ ನಾವು ಕಣ್ಣಾರೆ ನೋಡಿದ್ದು 185ರಷ್ಟು ಮಾತ್ರ. ಉಳಿದ 60 ಚಿಲ್ಲರೆಯನ್ನು ನೋಡದೆಯೇ ಎಣಿಸಿದ್ದೇನೆ. ಮೊದಲ ಸಲ ಹೀಗೆ ಹೇಳಿದಾಗ ನಕ್ಕವರೇ ಜಾಸ್ತಿ. ಒಬ್ಬ ಹಿರಿಯ ಸಹೋದ್ಯೋಗಿಯಂತೂ, 'ಎರಡು ಅರ್ಧ ಪಟ್ಟಿ ಸೇರಿದರೆ ಒಂದು ದೊಡ್ಡ ಅರ್ಧ ಪಟ್ಟಿ ಆಗ್ತದೆ, ಅಷ್ಟೇ' ಅಂದರು. ಈಗ ಅದೇ ವಿಭಾಗದವರು ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಬಂದವರಿಗೆಲ್ಲ ಮತ್ತೆ ಮತ್ತೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನಿಸಿತು.

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಊರು ಕಾಸರಗೋಡು ಜಿಲ್ಲೆಯ ಬಡಗು ಅಂಚಿನಲ್ಲಿದೆ. ಪೆರ್ಲ, ಬಾಯಾರು, ಪೈವಳಿಕೆ ಕಡೆಯ ಮುರಕಲ್ಲಿನ ಗುಡ್ಡಗಳನ್ನು ನೆನೆಸಿಕೊಂಡರೆ ಸಾಕು. ಯಾವ ಪಂಚಾಯತು ಎಂದು ಹೇಳುವುದಿಲ್ಲ, ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಸುರಂಗ ಎಷ್ಟು ಕೋಲು ಉದ್ದ ಇರುತ್ತದೆ, ಒಳಗೆ ಹೋಗುವ ಮೊದಲು ದೀಪ ಯಾಕೆ ಹಿಡಿಯಬೇಕು ಎಂಬುದನ್ನೆಲ್ಲ ವಿವರಿಸುವುದಿಲ್ಲ. ಓದುತ್ತಿರುವವರಲ್ಲಿ ಅರ್ಧ ಜನ ಆ ನೀರು ಕುಡಿದೇ ಬೆಳೆದವರು.

ಎಣಿಕೆ ಯಾಕೆ ಬೇಕಾಯಿತು? 2016ರಲ್ಲಿ ಮಳೆ ಕೈಕೊಟ್ಟಿತಲ್ಲ, ಅದರ ಮರುವರ್ಷ ಬೇಸಿಗೆಯಲ್ಲಿ ನಮ್ಮ ಕಡೆ ಬೋರ್‌ವೆಲ್ ಲಾರಿಗಳು ರಾತ್ರಿ ಹಗಲು ಓಡಾಡಿದವು. ಬೋರ್ ಬಂದ ಮೇಲೆ ಸುರಂಗ ಬಿಟ್ಟವರೆಷ್ಟು, ಬಿಡದವರೆಷ್ಟು ಎಂದು ನೋಡಬೇಕೆನಿಸಿತು. ಶೇಕಡಾವಾರು ಹೇಳಬೇಕಾದರೆ ಕೆಳಗೆ ಒಂದು ಛೇದ ಬೇಕು. ಆ ಛೇದವೇ ಯಾರ ಹತ್ತಿರವೂ ಇರಲಿಲ್ಲ.

ಮೊದಲು ಒಂದು ಕಚೇರಿಯಿಂದ ಹಳೆಯ ಪಟ್ಟಿ ಸಿಕ್ಕಿತು. 40ರಷ್ಟು ಹೆಸರು. ಒಂದೇ ಸುರಂಗ ಅಪ್ಪನ ಹೆಸರಲ್ಲಿ ಒಂದು ಸಲ, ಮಗನ ಹೆಸರಲ್ಲಿ ಇನ್ನೊಂದು ಸಲ. ಕೆಲವು ಹೆಸರಿನ ಎದುರು ಇದ್ದದ್ದು ಸುರಂಗವೇ ಅಲ್ಲ, ಬರೀ ಕೆರೆ. ಅದನ್ನು ಬದಿಗಿಟ್ಟು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ಮೂವತ್ತು ಚಿಲ್ಲರೆ ಉತ್ತರ ಬಂತು. ಅದರಲ್ಲಿ ಹತ್ತು ಹನ್ನೆರಡು ಮಂದಿ ಕಳಿಸಿದ್ದು ರಸ್ತೆ ಬದಿಯ ಒಂದೇ ಸುರಂಗದ ಸೆಲ್ಫಿ.

ಆಮೇಲೆ ಡ್ರೋನ್. ಇದು ನನ್ನ ಐಡಿಯಾ ಅಲ್ಲ, ಭೂಗೋಳದ ಗೆಳೆಯನದು. ದಿನಕ್ಕೆ 7,000 ರೂಪಾಯಿ ಬಾಡಿಗೆ, ಹಾರಿಸುವವನ ಊಟ, ಜೀಪು ಬೇರೆ. ವಿಡಿಯೋ ಚೆಂದ ಬಂತು. ಅಡಿಕೆ ಮರದ ತಲೆ, ಮತ್ತೆ ಅಡಿಕೆ ಮರದ ತಲೆ, ಆಚೆ ಗೇರು ಗುಡ್ಡ, ಈಚೆ ರಬ್ಬರು. ಸುರಂಗದ ಬಾಯಿ ಮೇಲಕ್ಕೆ ನೋಡುವುದಿಲ್ಲ, ಬದಿಗೆ ನೋಡುತ್ತದೆ. ಆಳೆತ್ತರದ ಬಾಯಿ, ಅದರ ಮೇಲೆ ಪೊದೆ, ಪೊದೆಯ ಮೇಲೆ ತೋಟ. ಆಕಾಶದಿಂದ ಏನು ಕಾಣಬೇಕು? ಆ ವಿಡಿಯೋವನ್ನು ಗೆಳೆಯ ತನ್ನ ತಂಗಿಯ ಮದುವೆ ವಿಡಿಯೋದಲ್ಲಿ ಸೇರಿಸಿದ. ದುಡ್ಡು ಪೂರ್ತಿ ವ್ಯರ್ಥ ಆಗಲಿಲ್ಲ ಅನ್ನಿ.

ಹಾಗಾದರೆ ಮನೆ ಮನೆಗೆ ಹೋಗಿ ಪೂರ್ತಿ ಎಣಿಸಬಹುದಲ್ವಾ? ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಕಡೆಯ ಮನೆಗಳು ಗೊತ್ತಲ್ಲ, ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಮನೆ. ಸರಿಯಾಗಿ ಮಾಡಲು ಎರಡೂವರೆ ಲಕ್ಷ ಬೇಕೆಂದು ಲೆಕ್ಕ ಹಾಕಿದ್ದೆ. ಕೈಯಲ್ಲಿದ್ದದ್ದು 25,000ದ ಸಣ್ಣ ಅನುದಾನ. ದುಡ್ಡು ಇದ್ದರೂ ಇನ್ನೊಂದು ತೊಂದರೆ ಇತ್ತು. 'ನಿಮ್ಮಲ್ಲಿ ಸುರಂಗ ಇದೆಯಾ?' ಅಂದರೆ ಜನ 'ಇಲ್ಲ' ಅಂದುಬಿಡುತ್ತಾರೆ. ಪಾಲಾಗುವಾಗ ಸುರಂಗದ ಬಾಯಿ ತಮ್ಮನ ಜಾಗಕ್ಕೆ ಹೋಗಿರುತ್ತದೆ, ನೀರಿನ ಪೈಪು ಅಣ್ಣನ ತೋಟಕ್ಕೆ ಬರುತ್ತಿರುತ್ತದೆ. ಅದನ್ನು ಯಾರೋ ಕಾಗದದಲ್ಲಿ ಬರೆದುಕೊಂಡರೆ ನಾಳೆ ಏನಾಗುತ್ತದೋ ಎಂಬ ಹೆದರಿಕೆ. ಮೊಬೈಲಿನಲ್ಲಿ ಫೋಟೋ ಹೊಡೆದರಂತೂ ಮುಗಿಯಿತು.

ಇನ್ನೊಂದು ಕಾರಣವೂ ಇದೆ. ನಮ್ಮ ಜಿಲ್ಲೆಯ ಜನ ಸಮೀಕ್ಷೆಗಳಿಂದ ಬೇಸತ್ತವರು. ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕಥೆ ಗೊತ್ತೇ ಇದೆ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಮ್ಮ ಜಿಲ್ಲೆಯ ಪಡ್ರೆಗೆ ಬಂದು ಮಕ್ಕಳನ್ನು ಪರೀಕ್ಷಿಸಿದರು. ಅವರ ನಂತರ ಯಾರ್ಯಾರೋ ಬಂದರು, ರಕ್ತ ತೆಗೆದುಕೊಂಡರು, ಬರೆದುಕೊಂಡರು. ಒಬ್ಬ ಅಜ್ಜಿ ನನ್ನ ಹುಡುಗರಿಗೆ ಹೇಳಿದ್ದು: 'ಬರೆದುಕೊಂಡು ಹೋದವರು ತುಂಬಾ ಮಂದಿ. ತಿರುಗಿ ಬಂದು ಹೇಳಿದವರು ಯಾರು?' ಇಂಥ ಕಡೆ ಮೂರು ಪುಟದ ಒಪ್ಪಿಗೆ ಪತ್ರ ಹಿಡಿದು ಸಹಿ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ನಾವು ಬಾಯಿಮಾತಿನ ಒಪ್ಪಿಗೆ ತೆಗೆದುಕೊಂಡೆವು. ಫಲಿತಾಂಶವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಿಸಿ ಆಮೇಲೆ ಮನೆಗಳಿಗೆ ಕೊಟ್ಟು ಬಂದೆವು. ಅದಕ್ಕೆ 3,000ದಷ್ಟು ಖರ್ಚಾಯಿತು. ಇಡೀ ಯೋಜನೆಯಲ್ಲಿ ಅತಿ ಲಾಭದ ಖರ್ಚು ಅದೇ.

ನಾನು ಹಿಡಿದದ್ದು ಕ್ಯಾಪ್ಚರ್-ರಿಕ್ಯಾಪ್ಚರ್. ಅಂದರೆ ಒಮ್ಮೆ ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದಾಗ ಗುರುತಿನವು ಎಷ್ಟು ಸಿಕ್ಕವು ಎಂದು ನೋಡಿ ಒಟ್ಟು ಸಂಖ್ಯೆ ಅಂದಾಜು ಮಾಡುವುದು. ಮೀನು ಎಣಿಸುವವರಿಗೆ ಗೊತ್ತು, ಬಾತುಕೋಳಿ ಎಣಿಸುವವರಿಗೆ ಗೊತ್ತು. ವೈದ್ಯಕೀಯದವರೂ ಬಳಸುತ್ತಾರೆ. ನನಗೆ ಇದು ಹೊಳೆದದ್ದು ಕ್ಷಯರೋಗಿಗಳ ಲೆಕ್ಕದ ಒಂದು ತರಬೇತಿಯಲ್ಲಿ. ಸರ್ಕಾರಿ ಪಟ್ಟಿಯಲ್ಲಿ ಎಷ್ಟು ಮಂದಿ, ಲ್ಯಾಬಿನ ಪಟ್ಟಿಯಲ್ಲಿ ಎಷ್ಟು, ಎರಡರಲ್ಲೂ ಎಷ್ಟು ಎಂದು ನೋಡಿ, ಎರಡರಲ್ಲೂ ಇಲ್ಲದವರನ್ನು ಅಂದಾಜು ಮಾಡುತ್ತಾರೆ. ಇದರಲ್ಲಿ ನಮ್ಮ ದೇಶದವರ ಕೈವಾಡ ದೊಡ್ಡದು. 1949ರಲ್ಲಿ ನಮ್ಮ ಚಂದ್ರಶೇಖರ್ ಮತ್ತು ಅಮೆರಿಕದ ಡೆಮಿಂಗ್ ಎಂಬವರು ಕಲ್ಕತ್ತಾದ ಹತ್ತಿರದ ಸಿಂಗೂರಿನ ಜನನ ಮರಣಗಳನ್ನು ಹೀಗೆಯೇ ಲೆಕ್ಕ ಹಾಕಿ ತೋರಿಸಿದರು. ನ್ಯಾನೋ ಕಾರಿನ ಗಲಾಟೆ ಆಯಿತಲ್ಲ, ಅದೇ ಸಿಂಗೂರು. ನಮ್ಮ ಸರ್ಕಾರದ ಸ್ಯಾಂಪಲ್ ರಿಜಿಸ್ಟ್ರೇಷನ್ ಸಿಸ್ಟಂ ಇವತ್ತಿಗೂ ಹೆಚ್ಚುಕಮ್ಮಿ ಅದೇ ದಾರಿಯಲ್ಲಿದೆ. ಒಬ್ಬ ವರ್ಷವಿಡೀ ಬರೆದುಕೊಳ್ಳುತ್ತಾನೆ, ಇನ್ನೊಬ್ಬ ಆರು ತಿಂಗಳಿಗೊಮ್ಮೆ ಬೇರೆಯಾಗಿ ಬಂದು ಕೇಳುತ್ತಾನೆ, ಆಮೇಲೆ ಎರಡನ್ನೂ ಹೊಂದಿಸುತ್ತಾರೆ. ಜನನ ಮರಣಕ್ಕೆ ಆಗುವುದು ಸುರಂಗಕ್ಕೆ ಯಾಕಾಗಬಾರದು?

ಸೂತ್ರ ಸರಳ: ಎರಡು ಪಟ್ಟಿಯ ಸಂಖ್ಯೆಗಳನ್ನು ಗುಣಿಸಿ, ಎರಡರಲ್ಲೂ ಇರುವುದರ ಸಂಖ್ಯೆಯಿಂದ ಭಾಗಿಸುವುದು. ಕಷ್ಟ ಇರುವುದು ಸೂತ್ರದಲ್ಲಲ್ಲ, ಎರಡು ಪಟ್ಟಿಗಳು ಒಂದಕ್ಕೊಂದು ಗೊತ್ತಿಲ್ಲದ ಹಾಗೆ ಹುಟ್ಟಬೇಕು ಎಂಬಲ್ಲಿ.

ಮೊದಲ ಸುತ್ತಿನಲ್ಲಿ ಎರಡು ವಿದ್ಯಾರ್ಥಿ ತಂಡ ಕಳಿಸಿದೆ. ದಿನಕ್ಕೆ ತಲಾ 500 ರೂಪಾಯಿ. ಮೊದಲ ತಂಡ ಪಟ್ಟಿ ಮಾಡಿತು, ಎರಡು ವಾರ ಬಿಟ್ಟು ಎರಡನೇ ತಂಡ. ಹೊಂದಿಸಿ ನೋಡಿದರೆ ಹತ್ತರಲ್ಲಿ ಒಂಬತ್ತು ತಾಳೆ! ಅಂದರೆ ನೋಡದೆ ಉಳಿದದ್ದು ಹೆಚ್ಚುಕಮ್ಮಿ ಏನೂ ಇಲ್ಲ ಎಂದು ಲೆಕ್ಕ ಹೇಳಿತು. ನನಗೆ ಅನುಮಾನ ಬಂತು. ನಮ್ಮ ಮನೆ ಹಿಂದಿನ ಗುಡ್ಡದ ಎರಡು ಸುರಂಗ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆಮೇಲೆ ಗೊತ್ತಾದದ್ದು, ಎರಡನೇ ತಂಡದ ಹುಡುಗರು ಮೊದಲ ತಂಡದವರಿಂದ ಲೊಕೇಶನ್ ತರಿಸಿಕೊಂಡು ನೇರ ಅಲ್ಲಿಗೇ ಹೋಗಿದ್ದರು. ಹೇಗೂ ಹಾಸ್ಟೆಲಿನಲ್ಲಿ ಒಂದೇ ರೂಮು. 20,000ದ ಹತ್ತಿರ ನೀರಿಗೆ ಹೋಯಿತು, ಸುರಂಗದ ನೀರಿಗೂ ಅಲ್ಲ. ಈ ಕೆಲಸ ಮಾಡುವವರು ಇದೊಂದು ನೆನಪಿಡಿ: ಎರಡು ಪಟ್ಟಿ ತುಂಬಾ ಚೆನ್ನಾಗಿ ಹೊಂದಿದರೆ ಖುಷಿಪಡಬೇಡಿ, ಹುಡುಗರನ್ನು ವಿಚಾರಿಸಿ.

ಹಾಗಾದರೆ ಪರಸ್ಪರ ಮಾತಾಡದ, ಆದರೆ ಇಡೀ ಊರು ಸುತ್ತುವ ಎರಡು ಬಗೆಯ ಜನ ಯಾರು? ಇದನ್ನು ಯೋಚಿಸಲು ತಿಂಗಳುಗಳೇ ಹೋದವು. ಉತ್ತರ ನಮ್ಮ ತೋಟದಲ್ಲೇ ಇತ್ತು.

ಮೊದಲ ಪಟ್ಟಿ ಹೆಂಗಸರದು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು, ಕುಟುಂಬಶ್ರೀ ಎಂಬ ಕೇರಳದ ಮಹಿಳಾ ಸಂಘಗಳವರು. ವಾರ್ಡಿಗೆ ಇಬ್ಬರ ಹಾಗೆ ಆರಿಸಿಕೊಂಡೆ. ಅವರಿಗೆ ಪ್ರತಿ ಮನೆಯ ಅಡುಗೆಮನೆ ಗೊತ್ತು. ಎರಡನೆಯದು ಅಡಿಕೆಗೆ ಮದ್ದು ಬಿಡುವವರದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಬೇಕಾದರೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣ. ತೋಟದೊಳಗೆ ನೀರು ಎಲ್ಲಿಂದ ಬರುತ್ತದೆ ಎಂದು ಅವರಷ್ಟು ತಿಳಿದವರು ಬೇರೆ ಇಲ್ಲ. ಮಳೆಗಾಲದಲ್ಲಿ ಕೊಳೆಯ ಹಿಂದೆ ಓಡುವ ಆ ತಂಡಗಳು ನೂರಾರು ತೋಟ ಹೊಕ್ಕು ಬರುತ್ತವೆ. ಆ ಹೆಂಗಸರೂ ಈ ಗಂಡಸರೂ ಒಂದೇ ಊರಿನವರಾದರೂ ಸುರಂಗದ ವಿಚಾರ ಕೂತು ಮಾತಾಡುವ ಪ್ರಸಂಗವೇ ಇಲ್ಲ.

ಮದ್ದಿನವರ ಸಮಯಕ್ಕೆ ಬೆಲೆ ಜಾಸ್ತಿ. ಅವರ ದಿನಗೂಲಿ ನನ್ನ ಸಮೀಕ್ಷಕರ ದುಪ್ಪಟ್ಟು ದಾಟುತ್ತದೆ. ಹಾಗಾಗಿ ಮಳೆ ಜೋರಾಗಿ ಬಂದು ಮರ ಹತ್ತಲಾಗದ ದಿನ ನೋಡಿ ಹೋಗುತ್ತಿದ್ದೆ. ಆಟಿ ತಿಂಗಳಲ್ಲಿ ಅಂಥ ದಿನಗಳಿಗೆ ಬರ ಇಲ್ಲ. ಚಹಾ, ಗೋಳಿಬಜೆ, ಅರ್ಧ ದಿನದ ಕೂಲಿ. ಅವರು ಬಾಯಲ್ಲಿ ಹೇಳಿದ್ದನ್ನು ನಾನು ಬರೆದುಕೊಂಡೆ, ಮಳೆ ಬಿಟ್ಟ ಮೇಲೆ ಜಾಗಕ್ಕೆ ಹೋಗಿ ಖಾತ್ರಿ ಮಾಡಿದೆವು.

ಹೆಂಗಸರ ಪಟ್ಟಿಗೆ ಪ್ರಶ್ನೆ ಬದಲಾಯಿಸಿದೆ. 'ಸುರಂಗ ಇದೆಯಾ?' ಎಂದು ಕೇಳಲೇ ಇಲ್ಲ. 'ನೀವು ಮದುವೆಯಾಗಿ ಈ ಮನೆಗೆ ಬಂದಾಗ ನೀರು ಎಲ್ಲಿಂದ ಬರ್ತಿತ್ತು?' ಎಂದು ಕೇಳಿಸಿದೆ. ಇದನ್ನು ಚಾವಡಿಯಲ್ಲಿ ಕೇಳಬಾರದು, ಹಿಂಬಾಗಿಲಲ್ಲಿ ಕೇಳಬೇಕು. ಒಳಗಿಂದ ಉತ್ತರ ಬರುತ್ತದೆ: ಮೊದಲು ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ಕಾಲುವೆ) ಬರ್ತಿತ್ತು, ಆಮೇಲೆ ಕಪ್ಪು ಪೈಪು ಹಾಕಿದರು, ಈಗ ಬೋರ್ ಇದೆ, ಆದರೆ ಚಹಾಕ್ಕೆ ಮಾತ್ರ ಸುರಂಗದ್ದೇ. ಈ ಕೊನೆಯ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಕಪ್ಪಾಗುತ್ತದೆ ಎನ್ನುತ್ತಾರೆ. ಸುರಂಗ ಬಿಟ್ಟಿದ್ದೇವೆ ಎಂದು ಗಂಡಸರು ಹೇಳಿದ ಮನೆಯಲ್ಲೂ ಅಡುಗೆಮನೆಗೆ ಅದರದೇ ಪೈಪು ಬರುತ್ತಿತ್ತು.

ಇದಲ್ಲದೆ ಮರೆತುಹೋದ ಸುರಂಗಗಳನ್ನು ಬಾಯಿ ಬಿಡಿಸಲು ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರೂ ಅದನ್ನೇ ಕೇಳಿ ಊರವರಿಗೆ ಬಾಯಿಪಾಠ ಆಗಿಬಿಡುತ್ತದೆ.

2022 ನಮಗೆ ಅನಿರೀಕ್ಷಿತವಾಗಿ ಸಹಾಯ ಮಾಡಿತು. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ ಆ ವರ್ಷ ಪದ್ಮಶ್ರೀ ಬಂತು. ಒಬ್ಬರೇ ಗುಡ್ಡ ಕೊರೆದು, ಸುರಂಗಗಳು ಒಂದರ ಹಿಂದೊಂದು ಸೋತರೂ ಬಿಡದೆ ಕೊನೆಗೆ ನೀರು ಕಂಡವರು. ಆ ಸುದ್ದಿ ಬಂದ ಮೇಲೆ ಜನರ ಮಾತಿನ ಧಾಟಿಯೇ ಬೇರೆ. ಹಿಂದಿನ ವರ್ಷ 'ಇಲ್ಲ' ಅಂದಿದ್ದವರು ತಾವಾಗಿಯೇ ಕರೆದು, 'ನಮ್ಮಜ್ಜ ತೋಡಿದ್ದು' ಎಂದು ತೋರಿಸಿದರು. ಸಂಖ್ಯಾಶಾಸ್ತ್ರದವನಿಗೆ ಇದು ಖುಷಿಯೂ ಹೌದು, ತಲೆನೋವೂ ಹೌದು. ಒಂದು ಪಟ್ಟಿ ಪ್ರಶಸ್ತಿಗಿಂತ ಮೊದಲು, ಇನ್ನೊಂದು ಆಮೇಲೆ ಆದರೆ ಲೆಕ್ಕ ಓರೆಯಾಗುತ್ತದೆ. ಅದಕ್ಕೇ ಎರಡೂ ಪಟ್ಟಿಯನ್ನು ಒಂದೇ ಮಳೆಗಾಲದ ಆಚೀಚೆ ಮುಗಿಸಿದೆ.

ಇನ್ನು ಹೊಂದಿಸುವ ಕೆಲಸ. ಸಮಯದಲ್ಲಿ ಅರ್ಧಕ್ಕರ್ಧ ತಿಂದದ್ದು ಇದೇ. ಮನೆಹೆಸರು ನಂಬುವ ಹಾಗಿಲ್ಲ, ಒಂದೇ ಜಾಗದ ಹೆಸರಿನಲ್ಲಿ ಏಳೆಂಟು ಮನೆ. ಮೊಬೈಲಿನ ಜಿಪಿಎಸ್ ಅಡಿಕೆ ತೋಟದೊಳಗೆ 20-30 ಮೀಟರ್ ಆಚೀಚೆ ತೋರಿಸುತ್ತದೆ, ಕಣಿವೆಯಲ್ಲಿ ಇನ್ನೂ ಜಾಸ್ತಿ. ಅಷ್ಟು ದೂರದೊಳಗೆ ಎರಡು ಸುರಂಗ ಇರುವ ಮನೆಗಳು ಬೇಕಾದಷ್ಟಿವೆ. ಕವಲು ಸುರಂಗ ಒಂದಾ ಎರಡಾ? ಬಾವಿಯ ತಳದಲ್ಲಿ ಅಡ್ಡ ತೋಡಿದ್ದು ಸೇರುತ್ತದಾ? ಕುಸಿದದ್ದು? ನಾವು ಮಾಡಿದ ನಿಯಮ: ಒಂದು ಬಾಯಿ ಇದ್ದರೆ ಒಂದು ಸುರಂಗ. ಬಾವಿಯೊಳಗಿನದು ಬೇಡ. ವರ್ಷದಲ್ಲಿ ಯಾವುದಾದರೂ ಒಂದು ತಿಂಗಳು ನೀರು ಬಂದರೆ ಅದು ಜೀವಂತ. ಮತ್ತೆ ಪ್ರತಿ ಸುರಂಗಕ್ಕೂ ನಾವು ಒಂದು ಗುರುತು ಇಟ್ಟುಕೊಂಡಿದ್ದೆವು. ಅದು ಜಿಪಿಎಸ್ಸೂ ಅಲ್ಲ, ಹೆಸರೂ ಅಲ್ಲ, ಎರಡೂ ಪಟ್ಟಿಯವರು ಕೇಳದೆಯೇ ಹೇಳುವಂಥದ್ದು. ಏನೆಂದು ನನ್ನ ಪ್ರಬಂಧ ಅಚ್ಚಾದ ಮೇಲೆ ಓದಿಕೊಳ್ಳಿ.

ಲೆಕ್ಕ ನೆನಪಿನಿಂದ ಹೇಳುತ್ತೇನೆ, ಒಂದೆರಡು ಆಚೀಚೆ ಇರಬಹುದು. ಹೆಂಗಸರ ಪಟ್ಟಿಯಲ್ಲಿ 140. ಮದ್ದಿನವರ ಪಟ್ಟಿಯಲ್ಲಿ 110. ಎರಡರಲ್ಲೂ ಇದ್ದದ್ದು 65. ನೇರ ಗುಣಿಸಿ ಭಾಗಿಸಿದರೆ 237. ಆದರೆ ಇಷ್ಟಕ್ಕೆ ನಿಲ್ಲಬಾರದು. ಮದ್ದು ಬಿಡುವವರು ತೋಟ ಇದ್ದಲ್ಲಿ ಮಾತ್ರ ಹೋಗುತ್ತಾರೆ. ಗೇರು ಗುಡ್ಡದ ಬದಿಯ, ಕಾಲನಿಗಳ ಹತ್ತಿರದ ಸುರಂಗಗಳು ಅವರಿಗೆ ಕಾಣುವುದು ಅಪರೂಪ. ಸಿಂಗೂರಿನ ಲೆಕ್ಕ ಹಾಕಿದ ಚಂದ್ರಶೇಖರ್, ಡೆಮಿಂಗ್ ಇದಕ್ಕೂ ದಾರಿ ಹೇಳಿದ್ದರು: ಒಂದೇ ಬಗೆಯವನ್ನು ಬೇರೆ ಬೇರೆ ಗುಂಪು ಮಾಡಿ, ಗುಂಪಿಗೊಂದು ಲೆಕ್ಕ ಹಾಕಿ ಕೂಡಿಸಿ. ತೋಟದ ಬದಿ ಹೆಂಗಸರದು 100, ಮದ್ದಿನವರದು 95, ಎರಡರಲ್ಲೂ 58. ಗುಡ್ಡದ ಬದಿ ಹೆಂಗಸರದು 40, ಮದ್ದಿನವರದು 15, ಎರಡರಲ್ಲೂ ಬರೀ 7. ಸಣ್ಣ ಸಂಖ್ಯೆಗೆ ಚಾಪ್ಮನ್ ತಿದ್ದುಪಡಿ ಹಾಕಲೇಬೇಕು, ಅಂದರೆ ಮೂರೂ ಸಂಖ್ಯೆಗೆ ಒಂದೊಂದು ಕೂಡಿಸಿ ಗುಣಿಸಿ ಭಾಗಿಸಿ, ಕೊನೆಗೆ ಒಂದು ಕಳೆಯುವುದು. ಹಾಕಿದರೆ ತೋಟಕ್ಕೆ 163, ಗುಡ್ಡಕ್ಕೆ 81. ಒಟ್ಟು 244. ಇದರಲ್ಲಿ ನೋಡಬೇಕಾದದ್ದು ಗುಡ್ಡದ ಸಾಲು. ಅಲ್ಲಿ ನಾವು ಕಂಡದ್ದು 48, ಕಾಣದೆ ಉಳಿದದ್ದು 30ಕ್ಕೂ ಮೇಲೆ. ತೋಟ ಇಲ್ಲದವರ ಸುರಂಗವೇ ಪಟ್ಟಿಗಳಿಂದ ತಪ್ಪಿಸಿಕೊಳ್ಳುತ್ತದೆ. ಕುಡಿಯಲು ಅದೊಂದೇ ನೀರು ಇರುವವರೂ ಹೆಚ್ಚಾಗಿ ಅವರೇ.

ಇದನ್ನು ವಿಭಾಗದಲ್ಲಿ ತೋರಿಸಿದಾಗ ಆ ಹಿರಿಯರು ಮತ್ತೆ ತಲೆಯಾಡಿಸಿದರು. 'ಕಾಗದದ ಸುರಂಗದಲ್ಲಿ ನೀರು ಬರ್ತದಾ?' ಅಂದರು. ನಾನೂ ಬಿಡಲಿಲ್ಲ. ವಾರ್ಡುಗಳ ಹೆಸರು ಚೀಟಿಯಲ್ಲಿ ಬರೆದು ಅವರ ಕೈಯಿಂದಲೇ ಒಂದು ಎತ್ತಿಸಿದೆ. ಆ ವಾರ್ಡಿನಲ್ಲಿ ನಮ್ಮ ಎರಡೂ ಪಟ್ಟಿ ಸೇರಿ ಕಂಡದ್ದು 21. ಲೆಕ್ಕ ಹೇಳಿದ್ದು 27. ಮಾರ್ಚ್ ಕೊನೆಯಲ್ಲಿ ಗುಡ್ಡ ಹತ್ತಿಳಿದು ಒಂದೊಂದೇ ಇಳಿಜಾರು ಬಾಚಿದೆವು. ಮಾರ್ಚ್ ಯಾಕೆಂದರೆ ಆಗ ಹುಲ್ಲೆಲ್ಲ ಕಂದು. ಸುರಂಗದ ಬಾಯಲ್ಲಿ ಮಾತ್ರ ಜರಿಗಿಡ ಹಸಿರಾಗಿರುತ್ತದೆ, ದೂರದಿಂದಲೇ ಕಾಣುತ್ತದೆ. ಸಿಕ್ಕಿದ್ದು 25. ಆ ನಾಲ್ಕು ಹೊಸದರಲ್ಲಿ ಒಂದು ಚೀಟಿ ಎತ್ತಿದ ಹಿರಿಯರ ಸೋದರಮಾವನ ಜಾಗದಲ್ಲೇ ಇತ್ತು! ಮಳೆಗಾಲದಲ್ಲಿ ಇನ್ನೊಂದರ ಸುದ್ದಿ ಬಂತು. 26 ಅಂದುಕೊಳ್ಳೋಣ. 27 ಅಂದದ್ದು ಹೆಚ್ಚಾಯಿತು ಎನ್ನುವವರು ಬೇಕಾದರೆ ಎನ್ನಲಿ.

ಮೂರನೇ ಪಟ್ಟಿಯೂ ಒಂದು ಸಿಕ್ಕಿತು. ಸುರಂಗ ತೋಡುತ್ತಿದ್ದ ಹಳಬರು ಈಗ ಬೆರಳೆಣಿಕೆಯಷ್ಟು. ಅವರಲ್ಲಿ ಮೂವರನ್ನು ಹಿಡಿದು, ತಾವು ತೋಡಿದ, ಈಗಲೂ ಇರುವ ಸುರಂಗಗಳನ್ನು ಹೇಳಿಸಿದೆ. ಇಸವಿ ಅವರಿಗೆ ನೆನಪಿಲ್ಲ. 'ಬರಗಾಲದ ವರ್ಷ' ಅಂದರೆ 1983, 'ಇಂದಿರಾ ಗಾಂಧಿ ಸತ್ತ ವರ್ಷ' ಅಂದರೆ 1984, 'ನಮ್ಮದು ಬೇರೆ ಜಿಲ್ಲೆ ಆದದ್ದು' ಅಂದರೂ ಅದೇ 1984. ಹೀಗೆ 60ರಷ್ಟು ಬಂತು. ನಮ್ಮ 185 ನಿಜಕ್ಕೂ 244ರ ಭಾಗವಾಗಿದ್ದರೆ ನಾವು ಕಂಡದ್ದು ಶೇಕಡಾ 76. ಹಾಗಾದರೆ ಈ 60ರಲ್ಲಿ 45-46 ನಮ್ಮಲ್ಲಿ ಮೊದಲೇ ಇರಬೇಕು. ಇದ್ದದ್ದು 47. ಆ ದಿನ ನಾನು ಹೆಂಡತಿಗೆ ಹೋಟೆಲ್ ಊಟ ಕೊಡಿಸಿದೆ. ಆಮೇಲೆ ಆರ್ ತಂತ್ರಾಂಶದ ಆರ್-ಕ್ಯಾಪ್ಚರ್ ಪ್ಯಾಕೇಜಿನಲ್ಲಿ ಮೂರೂ ಪಟ್ಟಿ ಹಾಕಿ, ಪಟ್ಟಿಗಳ ನಡುವಿನ ನಂಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಲಾಗ್-ಲೀನಿಯರ್ ಮಾದರಿ ಓಡಿಸಿದೆ. 250ರ ಹತ್ತಿರ ಬಂತು. ಪುಕ್ಕಟೆ ಸಿಗುವ ತಂತ್ರಾಂಶ, ಯಾರು ಬೇಕಾದರೂ ಓಡಿಸಬಹುದು.

ಮಧ್ಯೆ ಮಧ್ಯೆ ಬೇರೆ ಚಟಗಳೂ ಹತ್ತಿದವು. ಒಂದು, ಬಕೆಟ್ ಲೆಕ್ಕ. 10 ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್. ಏಪ್ರಿಲಿನಲ್ಲಿ ಬಕೆಟ್ ತುಂಬಲು 10 ನಿಮಿಷ ಬೇಕಾದರೆ 'ಓ, ಇದೆಂಥ ನೀರು, ಬತ್ತಿದ ಹಾಗೇ' ಎನ್ನುತ್ತಾರೆ ಮನೆಯವರು. ನಿಮಿಷಕ್ಕೆ 1 ಲೀಟರ್ ಅಂದರೆ ದಿನಕ್ಕೆ 1,440 ಲೀಟರ್. ಜಲ ಜೀವನ್ ಮಿಷನ್‌ನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಆ 'ಬತ್ತಿದ' ಸುರಂಗ 26 ಜನರಿಗೆ ಸಾಕು, ಕರೆಂಟ್ ಬಿಲ್ಲಿಲ್ಲದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಒಂದಿಬ್ಬರು ಕುಸಿದ ಬಾಯಿ ಬಿಡಿಸಿದರು ಕೂಡ.

ಇನ್ನೊಂದು ಬಾಟಲಿ ಪರೀಕ್ಷೆ. 1982ರಲ್ಲಿ ನಮ್ಮ ದೇಶದ ಮಂಜ ಮತ್ತು ಜೊತೆಗಾರರು ಬರೆದ ಹೈಡ್ರೋಜನ್ ಸಲ್ಫೈಡ್ ವಿಧಾನ ಗೊತ್ತಲ್ಲ? ಬಾಟಲಿಗೆ ನೀರು ಹಾಕಿ ಬೆಚ್ಚಗಿಡುವುದು, ಕಪ್ಪಾದರೆ ಮಲಿನ. ಮೂವತ್ತರಷ್ಟು ಬಾಟಲಿ ತರಿಸಿದೆ. ಅರ್ಧ ಸುರಂಗದ ಬಾಯಿಯ ನೀರಿಗೆ, ಅರ್ಧ ತೊಟ್ಟಿಯ ನೀರಿಗೆ. ಬಾಯಿಯವು ಹೆಚ್ಚಿನವು ಹಾಗೇ ಉಳಿದವು. ತೊಟ್ಟಿಯವು ಸುಮಾರು ಕಪ್ಪಾದವು. ಸುರಂಗವನ್ನು ಬೈಯುವ ಮೊದಲು ತೊಟ್ಟಿಗೆ ಮುಚ್ಚಳ ಹಾಕಿ ಎನ್ನಬಹುದು. ಆದರೆ ಕೊಳೆತ ಎಲೆ, ಮಣ್ಣಿನ ಬ್ಯಾಕ್ಟೀರಿಯಾದಿಂದಲೂ ಬಾಟಲಿ ಕಪ್ಪಾಗುತ್ತದೆ. ಹಾಗಾಗಿ ಇದನ್ನು ಪ್ರಬಂಧದಲ್ಲಿ ಸೇರಿಸಿಲ್ಲ. ಕೆಲವು ಬಾಟಲಿ ನಮ್ಮ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಆ ವಾಸನೆಯ ವಿಚಾರ ಮನೆಯಲ್ಲಿ ಈಗಲೂ ಎತ್ತುತ್ತಾರೆ.

ಬಾವಲಿಯದ್ದು ಬೇರೆಯೇ ಗೋಳು. 2018ರಲ್ಲಿ ಕೋಝಿಕ್ಕೋಡಿನಲ್ಲಿ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದಾಗಿನಿಂದ ಹುಡುಗರು ಬಾವಲಿ ಇರುವ ಸುರಂಗದೊಳಗೆ ಕಾಲಿಡಲು ಒಪ್ಪುವುದಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಉದ್ದ ಅಳೆಯುವ ಯೋಜನೆ ಅಲ್ಲಿಗೇ ನಿಂತಿತು. ಉದ್ದ ಗೊತ್ತಿಲ್ಲದಿದ್ದರೂ ಎಣಿಕೆಗೆ ನಷ್ಟವಿಲ್ಲ.

ಖರ್ಚು ಕೇಳುತ್ತಾರೆ. ಒಟ್ಟು 90,000ದ ಹತ್ತಿರ. ಅದರಲ್ಲಿ ಡ್ರೋನಿಗೂ ಹಾಸ್ಟೆಲ್ ಹುಡುಗರ ಸುತ್ತಿಗೂ ಹೋದದ್ದು ಮೂರರಲ್ಲೊಂದು ಪಾಲು. ಅನುದಾನ 25,000, ಅದೂ ಬಿಲ್ಲು ಕೊಟ್ಟು ವರ್ಷ ಕಳೆದ ಮೇಲೆ. ಮದ್ದಿನವರ ಕೂಲಿಗೂ ಗೋಳಿಬಜೆಗೂ ಜಿಎಸ್‌ಟಿ ಬಿಲ್ಲು ಕೇಳಿದರು. ಎಲ್ಲಿಂದ ತರಲಿ? ಉಳಿದದ್ದು ಒಂದು ಕ್ವಿಂಟಾಲಿಗಿಂತ ಜಾಸ್ತಿ ಚಾಲಿ ಅಡಿಕೆ ಮಾರಿದ ದುಡ್ಡು. ಈಗ ಗೊತ್ತಿರುವುದನ್ನೆಲ್ಲ ಇಟ್ಟುಕೊಂಡು ಹೊಸ ಪಂಚಾಯತಿನಲ್ಲಿ ಮಾಡಿದರೆ 40,000 ಸಾಕು. ಮಾಡುವವರಿದ್ದರೆ ಮದ್ದು ಬಿಡುವ ತಂಡದ ಮೇಸ್ತ್ರಿಯನ್ನು ಮೇ ತಿಂಗಳಲ್ಲೇ ಮಾತಾಡಿಸಿ ಇಡಿ. ಜೂನ್ ಬಂತೆಂದರೆ ಫೋನ್ ಎತ್ತುವುದಿಲ್ಲ.

ಈಗ ಅದೇ ಲೆಕ್ಕವನ್ನು ಹಾವು ಕಡಿತಕ್ಕೆ ಹಚ್ಚಿದ್ದೇನೆ. ನಮ್ಮ ಕಡೆ ಹಾವು ಕಚ್ಚಿದರೆ ಕೆಲವರು ವಿಷವೈದ್ಯರ ಹತ್ತಿರ ಹೋಗುತ್ತಾರೆ, ಕೆಲವರು ಕಾಸರಗೋಡಿಗೆ, ಎಷ್ಟೋ ಮಂದಿ ನೇರ ಮಂಗಳೂರಿಗೆ. ಮಂಗಳೂರಿಗೆ ಹೋದವರು ಕೇರಳದ ಲೆಕ್ಕದಿಂದ ತಪ್ಪಿಹೋಗಬಹುದು. 2020ರ ಮಾರ್ಚಿನಲ್ಲಿ ಮಂಗಳೂರಿನ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಮಂಗಳೂರನ್ನು ಎಷ್ಟು ನೆಚ್ಚಿಕೊಂಡಿದ್ದಾರೆ ಎಂದು ಎಲ್ಲರಿಗೂ ಗೊತ್ತಾಯಿತು. ಇಬ್ಬರು ವಿಷವೈದ್ಯರು ತಮ್ಮ ನೋಟ್‌ಬುಕ್ ಕೊಟ್ಟಿದ್ದಾರೆ. ಒಂದರಲ್ಲಿ ಬರೀ ಮನೆಹೆಸರು ಮತ್ತು ತಿಥಿ. ಆಸ್ಪತ್ರೆಯ ಪಟ್ಟಿ ಇನ್ನೂ ಸಿಕ್ಕಿಲ್ಲ. ನೈತಿಕ ಸಮಿತಿಯ ಅನುಮತಿ ಪತ್ರ ಬಂದಿದೆ, ಮೆಡಿಕಲ್ ರೆಕಾರ್ಡ್ಸಿನವರು ಇನ್ನೊಂದು ಅರ್ಜಿ ಕೇಳಿದ್ದಾರೆ, ಅದನ್ನು ಮೊನ್ನೆ ಕೊಟ್ಟು ಬಂದೆ. ತಿಥಿಯನ್ನು ತಾರೀಕಿಗೆ ಬದಲಾಯಿಸುವ ಕೆಲಸ ಅಷ್ಟರೊಳಗೆ ಮುಗಿಸಬೇಕು. ಹಳೆ ಪಂಚಾಂಗ ಇರುವವರು ಕೊಟ್ಟರೆ ಉಪಕಾರ, ನೋಡಿ ಜೋಪಾನವಾಗಿ ವಾಪಸ್ ಕೊಡುತ್ತೇನೆ.